ಎರಡು ಸಾವಿರದ ನೂರಾ ಇಪ್ಪತ್ತೈದನೆಯ ಮೀಟರು

ನಾನು ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ಹುಟ್ಟಿದ ಕೇಬಲ್. ಗಾಜು ಎಂದ ಕೂಡಲೇ ನಿಮಗೆ ಬಳೆ, ಲೋಟ, ಕಿಟಕಿ ನೆನಪಾಗಿ ‘ಅಯ್ಯೋ ಪಾಪ, ಒಡೆದೀತು’ ಅನ್ನಿಸಬಹುದು. ಸ್ವಲ್ಪ ತಡೆಯಿರಿ. ನನ್ನ ತಲೆಯ ಮೇಲೆ ಕಬ್ಬಿನ ಲಾರಿಗಳು ಓಡಿವೆ, ಎರೆಮಣ್ಣು ಉಬ್ಬಿ ಬಿರಿದು ನನ್ನನ್ನು ಹಿಂಡಿದೆ, ಜೆಸಿಬಿಯ ಹಲ್ಲು ಕಚ್ಚಿದೆ. ಆದರೂ ಕಥೆ ಹೇಳಲು ಉಳಿದಿದ್ದೇನೆ. ಉಳಿದದ್ದು ಹೇಗೆ ಎಂಬುದು ನನ್ನ ಮೈಕಟ್ಟಿನ ಗುಟ್ಟು. ಅದನ್ನು ಹೇಳುವಾಗ ನನಗೆ ಕೊಂಚ ಜಂಬ ಬರುತ್ತದೆ, ಸಹಿಸಿಕೊಳ್ಳಿ.

ಕಾರ್ಖಾನೆಯ ಎತ್ತರದ ಗೋಪುರದಲ್ಲಿ ತೋಳಿನ ಗಾತ್ರದ ಗಾಜಿನ ಕೋಲೊಂದನ್ನು ಕುಲುಮೆಯೊಳಗೆ ಇಳಿಬಿಟ್ಟರು. ಕೋಲಿನ ತುದಿ ಕರಗಿ, ಜೇನಿನಂತೆ ಜಾರಿ, ಎಳೆಯಾಗಿ ಕೆಳಗಿಳಿಯಿತು. ಆ ಎಳೆಯಲ್ಲೂ ಎರಡು ಬಗೆಯ ಗಾಜು ಇದೆ ನೋಡಿ. ನಡುವಿನದು ಬೆಳಕು ಓಡುವ ದಾರಿ, ಸುತ್ತಲಿನದು ಆ ಬೆಳಕು ಆಚೆ ಹೋಗದಂತೆ ಒಳಕ್ಕೇ ತಿರುಗಿಸುವ ಗೋಡೆ. ನೆಲ ಮುಟ್ಟುವಷ್ಟರಲ್ಲಿ ಎಳೆಗೆ ಮೆದುವಾದ ಲೇಪ ಹಚ್ಚಿ, ಗುರುತಿಗೆ ಬಣ್ಣ ಬಳಿದರು. ನೀಲಿ, ಕಿತ್ತಳೆ, ಹಸಿರು, ಕಂದು, ಬೂದು, ಬಿಳಿ. ಇಂಥ ಆರಾರು ಎಳೆಗಳನ್ನು ಒಂದೊಂದು ಕೊಳವೆಯಲ್ಲಿ ಸಡಿಲವಾಗಿ ಮಲಗಿಸಿ, ನೀರು ನುಗ್ಗದಿರಲೆಂದು ಅಂಟಂಟಾದ ಜೆಲ್ಲಿ ತುಂಬಿದರು. ಅಂಥ ನಾಲ್ಕು ಕೊಳವೆಗಳು, ಅವಕ್ಕೂ ಒಂದೊಂದು ಬಣ್ಣ, ಒಟ್ಟು ಇಪ್ಪತ್ನಾಲ್ಕು ಎಳೆಗಳು.

ನನ್ನ ನಡುವೆ ಬೆನ್ನುಮೂಳೆಯಂಥ ಗಟ್ಟಿ ಕಡ್ಡಿಯೊಂದಿದೆ. ಅದರ ಸುತ್ತ ಆರು ಕೊಳವೆ ಕೂತರೇ ಮೈ ದುಂಡಗಾಗುವುದು. ಇದ್ದದ್ದು ನಾಲ್ಕೇ ಆದ್ದರಿಂದ ಎರಡು ಕಡೆ ಬರೀ ಪ್ಲಾಸ್ಟಿಕ್ ಹುರಿ ಸೇರಿಸಿದರು. ಆ ಇಬ್ಬರನ್ನು ನಾವು ಲೆಕ್ಕಕ್ಕುಂಟು ಆಟಕ್ಕಿಲ್ಲ ಎಂದು ಚುಡಾಯಿಸುತ್ತಿದ್ದೆವು.

ಈಗ ಹೇಳುವುದನ್ನು ಮಾತ್ರ ಗಮನವಿಟ್ಟು ಕೇಳಿ. ಕೊಳವೆಗಳನ್ನು ಕಡ್ಡಿಯ ಪಕ್ಕ ನೆಟ್ಟಗೆ ಹಾಯಿಸಲಿಲ್ಲ, ಅದರ ಸುತ್ತ ಬಳ್ಳಿಯ ಹಾಗೆ ಸುತ್ತಿದರು. ಸುತ್ತಿಕೊಂಡು ಹೋಗುವ ದಾರಿ ನೆಟ್ಟಗಿನ ದಾರಿಗಿಂತ ಉದ್ದ. ಹಾಗಾಗಿ ನನ್ನ ಹೊರಮೈ ನೂರು ಮೀಟರ್ ಇದ್ದರೆ ಒಳಗಿನ ಗಾಜು ನೂರಾ ಎರಡು ಮೀಟರ್ ಇರುತ್ತದೆ. ಈ ಹೆಚ್ಚಿನ ಎರಡು ಮೀಟರೇ ನನ್ನ ಪ್ರಾಣ. ಯಾರಾದರೂ ಜಗ್ಗಿದರೆ ಆ ಜಗ್ಗಾಟವನ್ನು ಕಡ್ಡಿ ಹೊರುತ್ತದೆ, ಎಳೆಗಳು ಮಾತ್ರ ತಮ್ಮ ಸಡಿಲಿನಲ್ಲಿ ಹಾಯಾಗಿರುತ್ತವೆ.

ಆಮೇಲೆ ಹಳದಿ ಬಣ್ಣದ ಗಟ್ಟಿ ನೂಲು, ನೀರು ತಾಕಿದರೆ ಉಬ್ಬಿ ದಾರಿ ಮುಚ್ಚುವ ಪಟ್ಟಿ, ಸುಕ್ಕು ಸುಕ್ಕಾದ ಉಕ್ಕಿನ ತಗಡು, ಕೊನೆಗೆ ದಪ್ಪನೆಯ ಕಪ್ಪು ಅಂಗಿ. ಅಂಗಿಯ ಮೇಲೆ ಮೀಟರಿಗೊಂದು ಸಂಖ್ಯೆ ಅಚ್ಚಾಯಿತು. ನಾನು ಎರಡು ಸಾವಿರದ ಇನ್ನೂರು ಮೀಟರಿನವನಾಗಿ, ಮರದ ಉರುಳೆ ಸುತ್ತಿಕೊಂಡು, ಲಾರಿ ಏರಿ ಗದಗ ಸೀಮೆಯ ಕರಿಕಟ್ಟಿಗೆ ಬಂದೆ. ನನಗೆ ಎಷ್ಟು ಆತುರ ಅಂತೀರಿ! ಯಾವಾಗ ಮಣ್ಣು ಸೇರುತ್ತೇನೋ, ಯಾವಾಗ ಬೆಳಕು ಹರಿಯುತ್ತದೋ ಎಂದು ದಾರಿಯುದ್ದಕ್ಕೂ ಮೈಯೆಲ್ಲ ಜುಮ್ಮೆನ್ನುತ್ತಿತ್ತು.

ಕರಿಕಟ್ಟಿಯ ದೂರವಾಣಿ ಕಚೇರಿಯಿಂದ ರಸ್ತೆಗುಂಟ ಐದಡಿ ಆಳದ ಕಾಲುವೆ ತೋಡುತ್ತಿದ್ದವರು ಮಾಬುಸಾಬ ಮತ್ತು ಅವರ ತಂಡ. ಆಗ ಶ್ರಾವಣ, ನಾಗರ ಪಂಚಮಿ ಮುಂದಿನ ವಾರವೇ. ಕಾಲುವೆ ಸಾಗುವ ದಾರಿಗೆ ಸರಿಯಾಗಿ ದೊಡ್ಡದೊಂದು ಹುತ್ತ ಎದ್ದಿತ್ತು. ತಂಡದ ಹೆಂಗಸರು ಗುದ್ದಲಿ ಕೆಳಗಿಟ್ಟುಬಿಟ್ಟರು.

“ಹಾಲೆರಿಯೂ ಹುತ್ತಕ್ಕ ಗುದ್ದಲಿ ಹಾಕಂಗಿಲ್ರಿ ನಾವು,” ಎಂದರು.

“ಹಾಕಬ್ಯಾಡ್ರವಾ, ಸುತ್ತಿ ಹೋಗೂಣು,” ಎಂದರು ಮಾಬುಸಾಬ.

ಹೀಗೆ ನಾನು ಹುತ್ತಕ್ಕೆ ಪ್ರದಕ್ಷಿಣೆ ಹಾಕಿದಂತೆ ಬಾಗಿ ಮಲಗಿದೆ. ಹನ್ನೊಂದು ಮೀಟರ್ ಹೆಚ್ಚು ಹಿಡಿಯಿತು. ಕಚೇರಿಯ ನಕ್ಷೆಯಲ್ಲಿ ಮಾತ್ರ ಗೆರೆ ನೆಟ್ಟಗೇ ಉಳಿಯಿತು, ಕಚೇರಿಯೊಳಗೆ ಸುರುಳಿ ಸುತ್ತಿಟ್ಟ ನನ್ನ ಮೊದಲ ಹತ್ತು ಮೀಟರೂ ಅದರಲ್ಲಿ ಸೇರಲಿಲ್ಲ.

ನನ್ನ ತುದಿಯನ್ನು ಮುಂದಿನ ಕೇಬಲಿಗೆ ಜೋಡಿಸಲು ಬಂದವಳು ದಾನಮ್ಮ ಹೂಗಾರ. ಅವಳ ಮನೆತನದವರು ಗುಡಿಗಳಿಗೆ ಹೂ ಕಟ್ಟಿಕೊಡುವವರು. ಮೊಗ್ಗು ನಲುಗದಂತೆ ಗಂಟು ಹಾಕುವ ಬೆರಳು ಅವಳಿಗೆ ಹುಟ್ಟಿನಿಂದಲೇ ಬಂದಿತ್ತು. ಅವಳು ನನ್ನ ಅಂಗಿ, ತಗಡು, ನೂಲು ಒಂದೊಂದಾಗಿ ಬಿಡಿಸಿ, ಎಳೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ ಯಂತ್ರದಲ್ಲಿಟ್ಟಳು. ಒಂದು ಕಿಡಿ. ನನ್ನ ಗಾಜು, ಅದರ ಗಾಜು ಕರಗಿ ಒಂದಾದವು. ಹೀಗೆ ಇಪ್ಪತ್ನಾಲ್ಕು ಸಲ. ಕೆಲಸ ಮುಗಿಸಿ, ಜಾಯಿಂಟಿನ ಬಳಿ ನನ್ನ ಅಂಗಿಯ ಮೇಲಿದ್ದ 2191 ಎಂಬ ಸಂಖ್ಯೆಯನ್ನು ವಹಿಯಲ್ಲಿ ಬರೆದುಕೊಂಡಳು.

ಎಂಜಿನಿಯರ್ ಬೆಟಗೇರಿ ಸಾಹೇಬರು ಕಚೇರಿಯಲ್ಲಿ ಕೂತು ಪರೀಕ್ಷಾ ಯಂತ್ರದಿಂದ ನನ್ನೊಳಗೆ ಬೆಳಕು ಬಿಟ್ಟರು. ಆ ಯಂತ್ರ ಪರದೆಯ ಮೇಲೆ ಗೆರೆ ಎಳೆಯುತ್ತದೆ, ಜಾಯಿಂಟ್ ಒರಟಾಗಿದ್ದರೆ ಗೆರೆ ಅಲ್ಲಿ ಮೆಟ್ಟಿಲಿನಂತೆ ಕುಸಿಯುತ್ತದೆ. ದಾನಮ್ಮನ ಜಾಯಿಂಟ್ ಇದ್ದಲ್ಲಿ ಏನೂ ಕಾಣಲಿಲ್ಲ. ಅಷ್ಟು ಚೊಕ್ಕ ಕೆಲಸ. ಸಾಹೇಬರು “ಭೇಷ್” ಎಂದರು. ಮರುದಿನ ನನ್ನೊಳಗೆ ಮೊದಲ ಬೆಳಕು ಹರಿಯಿತು. ಬ್ಯಾಂಕು, ಆಸ್ಪತ್ರೆ, ಶಾಲೆ, ಊರ ಜನರ ಮಾತು, ನಗು, ಜಗಳ ಎಲ್ಲವೂ ನನ್ನ ಹೊಟ್ಟೆಯಲ್ಲಿ! ಆ ದಿನದ ಸಂತೋಷವನ್ನು ನಾನು ಇಂದಿಗೂ ಮರೆತಿಲ್ಲ.

ಎರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಕುಡಿಯುವ ನೀರಿನ ಪೈಪಿಗೆಂದು ಜೆಸಿಬಿ ಬಂತು. ಮೊದಲು ಹುತ್ತ ನೆಲಸಮವಾಯಿತು. ಅದರ ಈಚೆ, ಕಚೇರಿಯ ದಿಕ್ಕಿಗೆ, ಒಂದು ಕಡೆ ಜೆಸಿಬಿಯ ಹಲ್ಲು ನನ್ನ ಬೆನ್ನಿಗೆ ಬಿತ್ತು. ಅಂಗಿ ಹರಿಯಿತು, ತಗಡು ಒಳಕ್ಕೆ ತಗ್ಗಿತು. ಡ್ರೈವರ್ ಇಳಿದು ಬಂದು ನೋಡಿದ, ಆಚೀಚೆ ನೋಡಿದ, ಮಣ್ಣು ಎಳೆದು ಮುಚ್ಚಿ ಹೋದ. ನನ್ನ ಎಳೆಗಳಿಗೆ ಆಗ ಏನೂ ಆಗಿರಲಿಲ್ಲ. ಮಳೆಗಾಲದ ನೀರು ಗಾಯದೊಳಗೆ ಇಳಿದಾಗಲೂ ಪಟ್ಟಿ ಉಬ್ಬಿ ಬಾಗಿಲು ಮುಚ್ಚಿತು, ಜೆಲ್ಲಿ ಅಲುಗಲಿಲ್ಲ. ಆದರೆ ಬೇಸಿಗೆಯಲ್ಲಿ ಎರೆಮಣ್ಣು ಬಿರಿದು, ಮುಂಗಾರಿಗೆ ಉಬ್ಬಿ, ತಗ್ಗಿದ ತಗಡನ್ನು ಒತ್ತುತ್ತಲೇ ಹೋಯಿತು. ಒಂದು ಬೆಳಿಗ್ಗೆ ನೀಲಿ ಕೊಳವೆ ಚಪ್ಪಟೆಯಾಗಿ, ಅದರ ಆರು ಎಳೆಗಳೂ ಪಟಪಟನೆ ತುಂಡಾದವು. ಉಳಿದ ಹದಿನೆಂಟು ಎಳೆಗಳಲ್ಲಿ ಬೆಳಕು ಓಡುತ್ತಲೇ ಇತ್ತು.

ಯಂತ್ರ ಹೇಳಿತು, ಕಚೇರಿಯಿಂದ 2168 ಮೀಟರಿನಲ್ಲಿ ಎಳೆ ತುಂಡಾಗಿದೆ. ಸಾಹೇಬರು ನಕ್ಷೆ ನೋಡಿದರು. ನಕ್ಷೆಯ ಪ್ರಕಾರ ರಸ್ತೆಗುಂಟ ಜಾಯಿಂಟ್ ಇರುವುದು 2170 ಮೀಟರಿನಲ್ಲಿ. ಮುಗಿಯಿತಲ್ಲ, ತಪ್ಪು ಜಾಯಿಂಟಿನದೇ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ.

ದಾನಮ್ಮನಿಗೆ ಅದು ಸಣ್ಣ ಮಾತಲ್ಲ. ಜಾಯಿಂಟ್ ಕೆಟ್ಟರೆ ಅದನ್ನು ಮಾಡಿದವರಿಗೆ ಮತ್ತೆ ಕೆಲಸವಿಲ್ಲ ಎಂಬುದು ಗುತ್ತಿಗೆದಾರರ ಕಟ್ಟುನಿಟ್ಟು. ಹೆಣ್ಣುಮಕ್ಕಳ ಕೈಗೆ ಇಂಥ ಕೆಲಸ ಕೊಡಬಾರದಿತ್ತು ಎನ್ನುವವರೂ ಆ ತಂಡದಲ್ಲಿದ್ದರು. ಬೇರೆ ಊರಿನಿಂದ ಇನ್ನೊಬ್ಬ ಕೆಲಸಗಾರ ಆಗಲೇ ಬಂದು ನಿಂತಿದ್ದ. ಅವನು ಜಾಯಿಂಟನ್ನು ಕತ್ತರಿಸಿದರೆ ಚೆನ್ನಾಗಿದ್ದ ಹದಿನೆಂಟು ಎಳೆಗಳೂ ವಿನಾಕಾರಣ ತುಂಡಾಗುತ್ತಿದ್ದವು, ಅವಳ ಕೆಲಸ ಚೊಕ್ಕವಾಗಿತ್ತೆಂಬುದಕ್ಕೆ ಇದ್ದ ಗುರುತೂ ಹೋಗುತ್ತಿತ್ತು. ಜಾಯಿಂಟ್ ಇಟ್ಟಿದ್ದ ಗುಂಡಿಯ ಮುಚ್ಚಳ ತೆರೆದಾಗ ನಾನು ಕೆಳಗಿನಿಂದ ಅವಳ ಮುಖ ನೋಡಿದೆ. ತುಟಿ ಬಿಗಿಹಿಡಿದಿದ್ದಳು. ಕೂಗಿ ಹೇಳಲು ನನಗೆ ಬಾಯಿಲ್ಲವಲ್ಲ ಎಂದು ಸಂಕಟವಾಯಿತು.

“ದಾನಮ್ಮ, ಮಷೀನ್ ಸುಳ್ಳು ಹೇಳ್ತದೇನವಾ?” ಎಂದರು ಬೆಟಗೇರಿ ಸಾಹೇಬರು.

“ಮಷೀನ್ ಖರೇನ ಹೇಳೇತ್ರಿ. ಆದರ ಅದು ಅಳದದ್ದು ಒಳಗಿನ ಗಾಜು, ರಸ್ತೆ ಅಲ್ರಿ. ಗಾಜು ನೂರಕ್ಕ ಎರಡು ಹೆಚ್ಚಿರ್ತೇತಿ. ಗಾಜು 2168 ಅಂದ್ರ ಅಂಗಿ ಮ್ಯಾಲಿನ ನಂಬರು 2125. ನನ್ನ ಜಾಯಿಂಟ್ 2191ಕ್ಕ ಐತ್ರಿ.”

“ಮತ್ತ ಗೆರಿಯೊಳಗ ನಿನ್ನ ಜಾಯಿಂಟ್ ಎಲ್ಲೈತಿ, ತೋರಿಸು. ಮದ್ಲಿನ ಟೆಸ್ಟಿನಾಗೂ ಕಾಣವಲ್ದು.”

ಅವಳು ಏನು ತೋರಿಸಿಯಾಳು? ಚೆನ್ನಾಗಿ ಮಾಡಿದ್ದರಿಂದಲೇ ಅದು ಕಾಣುತ್ತಿರಲಿಲ್ಲ.

“ಸಾಹೇಬ್ರ, ಜಾಯಿಂಟ್ ಮುಟ್ಟೂಕಿಂತ ಮದಲ ನಾ ಹೇಳಿದಲ್ಲೆ ಒಂದು ಗುಂಡಿ ತಗಸ್ರಿ. ಏನೂ ಸಿಗಲಿಲ್ಲಂದ್ರ ನನ್ನ ಸಾಮಾನು ಇಲ್ಲೇ ಇಟ್ಟು ಹೋಗ್ತೇನ್ರಿ.”

ಸಾಹೇಬರು ಒಪ್ಪಿದರು. ಅವಳು ಜಾಯಿಂಟಿನಿಂದ ಹಿಂದಕ್ಕೆ ರಸ್ತೆಗುಂಟ ಅರವತ್ತಾರು ಮೀಟರ್ ಅಳೆದು ಸುಣ್ಣದ ಗುರುತು ಹಾಕಿದಳು. ಮಾಬುಸಾಬರ ತಂಡ ಅಗೆಯಿತು. ಅಯ್ಯೋ, ಗುದ್ದಲಿ ಬೀಳುತ್ತಿದ್ದದ್ದು ನನ್ನ ಗಾಯದ ಮೇಲಲ್ಲ, ಅದರಿಂದ ಇನ್ನೂ ಹಿಂದೆ. ಐದಡಿ ಇಳಿದ ಮೇಲೆ ನನ್ನ ಮೈ ಕಂಡಿತು. ಒಂದು ಗೀರೂ ಇಲ್ಲದೆ ಹೊಸದರಂತೆ ಹೊಳೆಯುತ್ತಿದ್ದೆ. ನನ್ನ ಚೆಲುವಿಗೆ ನಾನೇ ಶಾಪ ಹಾಕಿಕೊಂಡದ್ದು ಅದೊಂದೇ ದಿನ.

“ಆತಿಲ್ಲೋ,” ಎಂದರು ಸಾಹೇಬರು. ಬೇರೆ ಊರಿನವನು ಜಾಯಿಂಟಿನ ಕಡೆ ಹೊರಟ.

ದಾನಮ್ಮ ಗುಂಡಿಗಿಳಿದಳು. ಮಂಡಿಯೂರಿ, ಸೆರಗಿನಿಂದ ನನ್ನ ಅಂಗಿಯ ಮಣ್ಣು ಒರೆಸಿದಳು. ಒರೆಸಮ್ಮ, ಇನ್ನೂ ಒರೆಸು, ಓದು ಎಂದು ನಾನು ಒಳಗೊಳಗೇ ಕುಣಿಯುತ್ತಿದ್ದೆ.

“2114,” ಎಂದು ಓದಿದಳು. ಮತ್ತೊಮ್ಮೆ ಒರೆಸಿ ಓದಿದಳು. “ಇಲ್ಲೆ 2125 ಇರಬೇಕಾಗಿತ್ತು. ಹನ್ನೊಂದು ಮೀಟರ್ ಎಲ್ಲಿ ಹೋತು?”

ಮಾಬುಸಾಬ ಗುದ್ದಲಿಯ ಮೇಲೆ ಕೈಯೂರಿ ನಿಂತಿದ್ದವರು ತಲೆಯೆತ್ತಿದರು. “ತಂಗಿ, ಎಲ್ಲೂ ಹೋಗಿಲ್ಲವಾ. ಇಲ್ಲಿಂದ ಜಾಯಿಂಟಿನ ನಡುವ ಹುತ್ತ ಇತ್ತು, ಸುತ್ತಿ ಹಾಕೇವಿ. ಪಂಚಮಿ ಇತ್ತಲ್ಲ.” ಆಮೇಲೆ ಸಾಹೇಬರ ಕಡೆ ತಿರುಗಿ, “ನಕ್ಷಾದಾಗ ಬರಸ್ಲಿಲ್ರಿ, ತಪ್ಪು ನಂದು,” ಎಂದರು.

ದಾನಮ್ಮ ಗುಂಡಿಯಿಂದ ಮೇಲೆ ಬಂದು ಜಾಯಿಂಟಿನ ಕಡೆ ಹನ್ನೊಂದು ಮೀಟರ್ ಅಳೆದಳು. ಈ ಸಲ ಅವಳೇ ಮೊದಲ ಗುದ್ದಲಿ ಹಾಕಿದಳು. ಬಂದರು, ನನ್ನ ತಲೆಯ ಮೇಲೇ ಬಂದರು! ಒಂದಡಿ, ಮೂರಡಿ, ಐದಡಿ. ಕೊನೆಯ ಮಣ್ಣನ್ನು ಮಾಬುಸಾಬ ಕೈಯಿಂದಲೇ ಸರಿಸಿದರು. ಹರಿದ ಅಂಗಿ, ತುಕ್ಕು ಹಿಡಿದು ತಗ್ಗಿದ ತಗಡು, ಜೆಸಿಬಿಯ ಹಲ್ಲಿನ ಗುರುತು ಎಲ್ಲರ ಕಣ್ಣಿಗೆ ಬಿದ್ದವು. ಪಕ್ಕದಲ್ಲೇ ಸಂಖ್ಯೆ, 2125.

ಸಾಹೇಬರು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಆ ಸಂಖ್ಯೆಯನ್ನು ತಾವೇ ಓದಿದರು. “ಜಾಯಿಂಟ್ ಮುಚ್ಚಳಾ ಹಾಕಿಬಿಡ್ರೋ,” ಎಂದು ಆ ಕಡೆಗೆ ಕೂಗಿದರು. ಆಮೇಲೆ ಮೆಲ್ಲಗೆ, “ನಾನೂ ಲೆಕ್ಕಾ ತಪ್ಪಿದ್ನವಾ. ಹಂಗಂತ ರಿಪೋರ್ಟಿನಾಗ ಬರೀತೇನಿ,” ಎಂದರು. ದಾನಮ್ಮ ಆಗ ಅತ್ತಳು. ಅಳುತ್ತಲೇ ಸಾಮಾನಿನ ಪೆಟ್ಟಿಗೆ ತೆರೆದಳು.

ಗಾಯಗೊಂಡ ಎರಡು ಮೀಟರನ್ನು ಅವಳೇ ಕತ್ತರಿಸಿ ತೆಗೆದು ಹೊಸ ತುಂಡು ಜೋಡಿಸಿದಳು. ಆ ಎರಡು ಮೀಟರೇ ಈಗ ನಿಮ್ಮೊಡನೆ ಮಾತಾಡುತ್ತಿರುವ ನಾನು. ಉಳಿದ ಮೈ ಮಣ್ಣಿನಲ್ಲಿ ದುಡಿಯುತ್ತಿದೆ. ಅಗಲುವಾಗ ನೋವಾಯಿತೆಂದು ಸುಳ್ಳು ಹೇಳಲಾರೆ, ಅವಳ ಕತ್ತರಿ ಅಷ್ಟು ಹರಿತವಾಗಿತ್ತು. ಸಾಕ್ಷಿಯೆಂದು ನನ್ನನ್ನು ಕಚೇರಿಗೆ ಒಯ್ದರು, ಗುತ್ತಿಗೆದಾರರ ಮುಂದೆ ಮೇಜಿನ ಮೇಲಿಟ್ಟರು, ಆಮೇಲೆ ಉಗ್ರಾಣದ ಮೂಲೆಗೆ ಎಸೆದರು. ಗುಜರಿಯ ಗಾಡಿ ಬಂದ ದಿನ ದಾನಮ್ಮ ಸಾಹೇಬರನ್ನು ಕೇಳಿ ನನ್ನನ್ನು ಬಿಡಿಸಿಕೊಂಡಳು.

ಇದಾಗಿ ಹನ್ನೊಂದು ವರ್ಷ. ಗದುಗಿನ ತರಬೇತಿ ಕೇಂದ್ರದಲ್ಲಿ ದಾನಮ್ಮ ಕಲಿಸುತ್ತಾಳೆ, ನಾನು ಅವಳ ಮೇಜಿನ ಮೇಲಿದ್ದೇನೆ. ಒಂದು ತುದಿಯಲ್ಲಿ ನನ್ನ ಅಂಗಿ, ತಗಡು, ನೂಲು, ಕೊಳವೆ ಎಲ್ಲವನ್ನೂ ಹಂತಹಂತವಾಗಿ ಬಿಡಿಸಿಟ್ಟಿದ್ದಾಳೆ. ಹೊಸ ವಿದ್ಯಾರ್ಥಿಗಳು ಮುಟ್ಟಿ ನೋಡುತ್ತಾರೆ, ಮೊಬೈಲಿನ ಬೆಳಕು ಹಿಡಿಯುತ್ತಾರೆ. ಆಚೆ ತುದಿಯಲ್ಲಿ ಹದಿನೆಂಟು ಚುಕ್ಕಿ ಬೆಳಗುತ್ತವೆ, ಆರು ಬೆಳಗುವುದಿಲ್ಲ. ನನಗೆ ಬೇಸರವಿಲ್ಲ. ದಿನಕ್ಕೆ ನಲವತ್ತು ಜನ ಕಣ್ಣರಳಿಸಿ ನೋಡುವಾಗ ಮುದಿತನ ಯಾರಿಗೆ ನೆನಪಿರುತ್ತದೆ?

ಮೊನ್ನೆ ಒಬ್ಬಳು ಕೇಳಿದಳು, “ಮೇಡಂ, ನೀವು ಮಾಡಿದ ಜಾಯಿಂಟ್ ಒಂದು ತೋರಿಸ್ರಿ, ಛಲೋ ಜಾಯಿಂಟ್ ಹೆಂಗಿರ್ತದ ನೋಡ್ತೇವಿ.”

ದಾನಮ್ಮ ನನ್ನ ಮೇಲೆ ಕೈಯಿಟ್ಟಳು.

“ಕರಿಕಟ್ಟಿ ರಸ್ತೆದಾಗ ಐತವಾ,” ಎಂದಳು. “ತೋರಿಸಾಕ ಬರಂಗಿಲ್ಲ. ಇನ್ನೂತನಕ ಅದನ್ನ ಯಾರೂ ಬಿಚ್ಚಿಲ್ಲ.”