ಎಡಗಡೆಯ ಫ್ಯಾನು

ವಿಶ್ವೇಶ್ವರರ ಕಣ್ಣಿಗೆ ಲೋಕದಲ್ಲಿ ಎರಡು ಬಗೆಯ ಜನ. ಶಾಖದ ವಿಷಯ ತಿಳಿಯದವರು ಒಂದು, ತಿಳಿಯದಿದ್ದರೂ ಬಾಯಿ ಬಿಡುವವರು ಇನ್ನೊಂದು. ತಿಳಿದವರ ಪಂಗಡದಲ್ಲಿ ಅವರೊಬ್ಬರೇ ಇದ್ದುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ಉಪಗ್ರಹಗಳು ಬಿಸಿಲಿಗೆ ಸುಡದಂತೆ, ನೆರಳಿಗೆ ಸೆಟೆಯದಂತೆ ಕಾಯುವ ವಿಭಾಗದಲ್ಲಿ ಅವರ ತಲೆ ನರೆತಿತ್ತು. ಮನೆಯಲ್ಲಿ ಹಾಲುಕ್ಕಿದರೆ ಹೆಂಡತಿ ಪ್ರೇಮಳಿಗೆ ಪಾಠ, ಕಾರು ಕಾದರೆ ಮೆಕ್ಯಾನಿಕ್ಕಿಗೆ ಪಾಠ. ಮೈಸೂರು ಬಿಟ್ಟು ಬಂದು ಅರ್ಧ ಆಯುಸ್ಸು ಕಳೆದಿದ್ದರೂ ಇಲ್ಲಿಯ ದಪ್ಪಕ್ಕಿಯ ಅನ್ನ ಕಂಡರೆ ಈಗಲೂ ಮೂಗು ಮುರಿಯುತ್ತಿದ್ದರು.

ಅಂಥವರ ಮಗಳು ಮಹತಿ ಕೊಚ್ಚಿಯಲ್ಲಿ ಕಂಪ್ಯೂಟರ್ ಆಟ ತಯಾರಿಸುವ ಕಂಪನಿಯೊಂದಕ್ಕೆ ಸೇರಿದ್ದಳು. ಮಟ್ಟಾಂಚೇರಿಯ ಹಳೆಯ ಮೆಣಸಿನ ಗೋದಾಮಿಗೆ ಬಣ್ಣ ಬಳಿದು ಆಫೀಸು ಮಾಡಿಕೊಂಡ ಕಂಪನಿ ಅದು. ಕೆಲಸಗಾರರಿಗೆ ಲ್ಯಾಪ್‌ಟಾಪ್ ಕೊಡುವ ಯೋಗ್ಯತೆಯೂ ಅದಕ್ಕಿರಲಿಲ್ಲ, ಅವರವರದೇ ತರಬೇಕು. "ಗೋಡೌನಲ್ಲಿ ಕೂತು ಗೊಂಬೆ ಕುಣಿಸೋದಕ್ಕೆ ಇಂಜಿನಿಯರಿಂಗ್ ಓದಬೇಕಿತ್ತಾ?" ಎಂದು ವಿಶ್ವೇಶ್ವರರು ನೆಂಟರಿಷ್ಟರ ಮುಂದೆಲ್ಲ ಕೇಳಿ ಮುಗಿಸಿದ್ದರು.

ಮಹತಿ ಮತ್ತು ಧ್ರುವ ಎಂಬ ಹುಡುಗ, ಇಬ್ಬರೂ ಅಲ್ಲಿ ಪರೀಕ್ಷಾರ್ಥ ಕೆಲಸದಲ್ಲಿದ್ದರು. ಉಳಿಸಿಕೊಳ್ಳುವುದು ಒಬ್ಬರನ್ನು ಮಾತ್ರ. ಬರುವ ಸೋಮವಾರ ಇಬ್ಬರೂ ತಾವು ಕಟ್ಟಿದ ಆಟವನ್ನು ತಮ್ಮ ತಮ್ಮ ಲ್ಯಾಪ್‌ಟಾಪಿನಲ್ಲೇ ಆಡಿಸಿ ತೋರಿಸಬೇಕಿತ್ತು. ಸರಿಯಾಗಿ ಅದೇ ಹೊತ್ತಿಗೆ ಮಹತಿಯ ಗೇಮಿಂಗ್ ಲ್ಯಾಪ್‌ಟಾಪು ಕೈ ಕೊಡತೊಡಗಿತು. ಆಟ ಶುರುವಾದರೆ ಫ್ಯಾನು ಅರಚುತ್ತದೆ, ಕೀಬೋರ್ಡು ಕಾವಲಿಯಾಗುತ್ತದೆ, ಓಡುವ ಗೊಂಬೆ ಕುಂಟುತ್ತದೆ, ಕೊನೆಗೆ ಪರದೆಯೇ ಕಪ್ಪು. ಅದನ್ನು ಎದೆಗವಚಿಕೊಂಡು ಅವಳು ಶುಕ್ರವಾರದ ರೈಲಿಗೆ ಮನೆಗೆ ಬಂದಳು.

"ಕೆಂಪು ನೀಲಿ ದೀಪ ಹಚ್ಚಿ ಮಾರೋ ಆಟಿಕೆ ಇದು. ಗಾಳಿ ಒಳಗೆ ಬರೋಕೆ ದಾರಿಯಿಲ್ಲ, ಹೊರಗೆ ಹೋಗೋಕೂ ದಾರಿಯಿಲ್ಲ. ಇದನ್ನ ಡಿಸೈನ್ ಮಾಡಿದವನನ್ನ ನನ್ನ ಲ್ಯಾಬಲ್ಲಿ ಕಸ ಗುಡಿಸೋಕೂ ಇಟ್ಕೊಳ್ಳಲ್ಲ," ಎಂದರು ವಿಶ್ವೇಶ್ವರರು.

"ಸೆಟ್ಟಿಂಗ್ಸ್ ಬೇಕಾದ್ರೆ ನೋಡಪ್ಪ. ಬಿಚ್ಚಬೇಡ, ಪ್ಲೀಸ್. ವಾರಂಟಿ ಇದೆ. ಭಾನುವಾರ ಕೊಚ್ಚಿಗೆ ಹೋದ ತಕ್ಷಣ ಸರ್ವೀಸ್ ಸೆಂಟರಿಗೆ ಕೊಡ್ತೀನಿ," ಎಂದಳು ಮಹತಿ.

ಸರ್ವೀಸ್ ಸೆಂಟರು! ಉಪಗ್ರಹ ತಣಿಸುವವನ ಮಗಳು ಟೈ ಕಟ್ಟಿದ ಯಾವನೋ ಪೋರನ ಮುಂದೆ ಟೋಕನ್ ಹಿಡಿದು ನಿಲ್ಲುವುದೇ? ಶನಿವಾರ ತಾಯಿ ಮಗಳು ಚಾಲಾ ಮಾರ್ಕೆಟ್ಟಿಗೆ ಹೊರಟು ಗೇಟು ಹಾಕಿದ್ದೇ ತಡ, ವಿಶ್ವೇಶ್ವರರು ಸ್ಕ್ರೂಡ್ರೈವರ್ ಹಿಡಿದರು.

ತಳದ ಮುಚ್ಚಳ ಎತ್ತಿದಾಗ ಅವರಿಗೆ ಧೂಳು ಕಾಣಬೇಕಿತ್ತು. ಕಂಡದ್ದು ಕೆಂಪು. ಎರಡು ಫ್ಯಾನುಗಳ ರೆಕ್ಕೆಗಳ ಮೇಲೂ, ಬಿಸಿ ಹೊರಹೋಗುವ ತಾಮ್ರದ ಸಂದುಗಳಲ್ಲೂ ಕುಂಕುಮ ವಿಭೂತಿಗಳು ಕೊಚ್ಚಿಯ ತೇವಕ್ಕೆ ಹದವಾಗಿ ನೆನೆದು, ಕಾವಿಗೆ ಬೆಂದು, ಗಾರೆಯಂತೆ ಕೂತಿದ್ದವು.

ಆಯುಧಪೂಜೆಯ ದಿನ ಅವರ ಕಣ್ಣ ಮುಂದೆ ಬಂತು. ನೆರೆಹೊರೆಯ ಮಲಯಾಳಿಗಳು ಪುಸ್ತಕ, ಹತ್ಯಾರುಗಳನ್ನೆಲ್ಲ ದೇವರ ಮುಂದಿಟ್ಟು ವಿಜಯದಶಮಿಯವರೆಗೆ ಮುಟ್ಟುವುದಿಲ್ಲ. ಅದನ್ನು ಕಂಡು ಇವರು, "ಮಲಗಿದ ಯಂತ್ರಕ್ಕೆಂಥ ಪೂಜೆ? ನಮ್ಮ ಕಡೆ ಹಾಗಲ್ಲ. ಯಂತ್ರ ಓಡ್ತಿರಬೇಕು, ಆಗ ಮಂಗಳಾರತಿ," ಎಂದು ನಕ್ಕಿದ್ದರು. ಮಿಕ್ಸಿ ತಿರುಗಿಸಿ ಕುಂಕುಮ ಹಚ್ಚಿದರು, ಸ್ಕೂಟರ್ ಚಾಲೂ ಮಾಡಿಸಿ ಹಚ್ಚಿದರು. ಮಹತಿಯ ಲ್ಯಾಪ್‌ಟಾಪಿನಲ್ಲಿ ಭಾರೀ ಆಟವೊಂದನ್ನು ಹಾಕಿಸಿ, ಫ್ಯಾನು ಹೂಂಕರಿಸುವಾಗ ಹಿಡಿ ಹಿಡಿಯಾಗಿ ಅರ್ಚನೆ ಮಾಡಿದರು. ಗಾಳಿ ಒಳಗೆ ಎಳೆಯುವ ಯಂತ್ರದ ಬಾಯಿಗೇ ಪುಡಿ ಸುರಿದವರು ಯಾರಪ್ಪಾ ಎಂದರೆ, ಶಾಖಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮಹಾನುಭಾವರು. ಸುತ್ತ ನಿಂತವರಿಗೂ ಹೊಳೆಯಲಿಲ್ಲ. ಪಂಡಿತರು ಮಾಡಿದ್ದಲ್ಲವೇ, ಕೇಳುವವರು ಯಾರು?

ಬೇರೆಯವರಾಗಿದ್ದರೆ ತಲೆ ಚಚ್ಚಿಕೊಂಡು, "ಅಯ್ಯೋ, ನನ್ನದೇ ತಪ್ಪು ಕಣಮ್ಮ," ಎಂದು ನಕ್ಕುಬಿಡುತ್ತಿದ್ದರು. ವಿಶ್ವೇಶ್ವರರು ಎದ್ದು ಹೋಗಿ ಬಾಗಿಲ ಚಿಲಕ ಹಾಕಿಕೊಂಡು ಬಂದರು.

ಎಡಗಡೆಯ ಫ್ಯಾನನ್ನು ಕಿತ್ತು ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿದರು. ಅದರ ಸಣ್ಣ ವೈರಿನ ತುದಿಯನ್ನು ಚೂರು ಅಂಟುಪಟ್ಟಿಯೊಂದು ಹಿಡಿದಿತ್ತು. "ಎಲ್ಲದಕ್ಕೂ ಟೇಪು ಮೆತ್ತುತ್ತವೆ ದಡ್ಡಮುಂಡೇವು," ಎಂದು ಅದನ್ನು ಕಿತ್ತು ಬುಟ್ಟಿಗೆಸೆದು, ವೈರನ್ನು ಹಾಗೇ ಸಿಕ್ಕಿಸಿದರು. ಬಲಗಡೆಗೆ ಕೈ ಹಾಕುವಷ್ಟರಲ್ಲಿ ಗೇಟಿನ ಸದ್ದಾಯಿತು. ಕಳ್ಳನ ಹಾಗೆ ಸ್ಕ್ರೂ ತಿರುಗಿಸಿ, ಚಿಲಕ ತೆಗೆದು, ಕೈ ತೊಳೆದು, ಪೇಪರು ಬಿಡಿಸಿಕೊಂಡು ಕೂತರು.

ಸಂಜೆ ಆಟ ಹಾಕಿದರೆ ಗೊಂಬೆ ಕುಂಟಲಿಲ್ಲ, ಪರದೆ ಕಪ್ಪಾಗಲಿಲ್ಲ. "ಹೇಗೆ ಮಾಡಿದೆ ಅಪ್ಪ?" ಎಂದು ಮಹತಿ ಕುಣಿದಾಡಿದಳು.

"ಬಿಚ್ಚೋದೇ ಬೇಕಾಗಲಿಲ್ಲ. ಫ್ಯಾನಿನ ಸೆಟ್ಟಿಂಗ್ ಬದಲಾಯಿಸಿದೆ, ಅಷ್ಟೇ," ಎಂದರು ವಿಶ್ವೇಶ್ವರರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ತಪ್ಪು ಯಂತ್ರದ್ದಲ್ಲ, ನಿನ್ನ ಕೊಚ್ಚಿಯದು. ಒಂದು ಕಡೆ ಅಂಬಲಮುಗಳ್ ರಿಫೈನರಿ ಹೊಗೆ, ಇನ್ನೊಂದು ಕಡೆ ವಲ್ಲಾರ್ಪಾಡಂ ಬಂದರಿನ ಲಾರಿಗಳ ಧೂಳು. ಯಂತ್ರಾನೇ ಬದುಕದ ಊರಲ್ಲಿ ಮನುಷ್ಯರು ಬದುಕ್ತಾರಾ? ಬಿಟ್ಟು ಬಂದ್ಬಿಡು."

ಮಹತಿ ಬಿಟ್ಟು ಬರುವ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಯಂತ್ರ ಸರಿಹೋಯಿತೆಂಬ ಮಾತನ್ನು ಪೂರ್ತಿ ನಂಬಿದಳು. ಸರ್ವೀಸ್ ಸೆಂಟರಿನ ದಾರಿ ಹಿಡಿಯಲೇ ಇಲ್ಲ.

ಸೋಮವಾರ ಮಧ್ಯಾಹ್ನ ವಿಶ್ವೇಶ್ವರರು ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಫೋನು ಬಂತು. ಮಹತಿಯದು.

"ಅಪ್ಪ, ಎಲ್ಲರ ಮುಂದೆ ಆಫ್ ಆಗೋಯ್ತು. ಎರಡು ಸಲ. ಎಡಗಡೆಯಿಂದ ಗಾಳೀನೇ ಬರ್ತಿಲ್ಲ. ಸ್ಪೀಕರಲ್ಲಿ ಹಾಕಿದೀನಿ, ಮನೋಜ್ ಸರ್ ಇಲ್ಲೇ ಇದಾರೆ. ಯಾವ ಸೆಟ್ಟಿಂಗ್ ಬದಲಾಯಿಸಿದೆ, ಹೇಳು."

ಎಡಗಡೆ ಎಂದ ಕೂಡಲೇ ವಿಶ್ವೇಶ್ವರರಿಗೆ ಬುಟ್ಟಿಗೆಸೆದ ಅಂಟುಪಟ್ಟಿ ನೆನಪಾಯಿತು. ರೈಲಿನ ಕುಲುಕಾಟಕ್ಕೆ ವೈರು ಕಳಚಿಕೊಂಡಿದೆ. ಆದರೂ ನಾಲಿಗೆ ತನ್ನ ಹಳೇ ದಾರಿಯನ್ನೇ ಹಿಡಿಯಿತು.

"ಆ ಗೋಡೌನಲ್ಲಿ ಕರೆಂಟ್ ಸರಿಯಾಗಿ ಬರುತ್ತಾ ಕೇಳು ಮೊದಲು."

ಅತ್ತ ಕಡೆ ಕಂಪನಿಯ ಮುಖ್ಯಸ್ಥ ಮನೋಜ್ ಲ್ಯಾಪ್‌ಟಾಪನ್ನು ತಿರುವಿ ನೋಡುತ್ತಿದ್ದ. "ಇದು ಆರೋ ತುರನ್ನಿಟ್ಟುಂಡಲ್ಲೋ," ಎಂದ. ಇದನ್ನು ಯಾರೋ ಬಿಚ್ಚಿದ್ದಾರೆ, ಸ್ಕ್ರೂಗಳ ತಲೆ ಸವೆದಿದೆ, ಇನ್ನು ಕಾಯಲಾಗದು, ಧ್ರುವನದನ್ನೇ ನೋಡಿ ಮುಗಿಸೋಣ ಎಂದು ಮಲಯಾಳದಲ್ಲೇ ಮುಂದುವರಿಸಿದ.

"ಇಲ್ಲ ಸರ್," ಎಂದು ಮಹತಿ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳುವುದು ಕೇಳಿಸಿತು. "ಮುಟ್ಟಿದ್ದು ನಮ್ಮಪ್ಪ ಒಬ್ಬರೇ. ಬಿಚ್ಚಿಲ್ಲ ಅಂತ ಹೇಳಿದಾರೆ. ನಮ್ಮಪ್ಪ ಸುಳ್ಳು ಹೇಳೋರಲ್ಲ."

ವಿಶ್ವೇಶ್ವರರು ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. ಎದುರಿಗಿದ್ದ ಪ್ರೇಮ ಮೊಸರು ತರಲು ಒಳಗೆ ಹೋದಳು. ಆ ಒಂದು ಸಂದಿನಲ್ಲಿ ಅವರು ಬದುಕಿನಲ್ಲಿ ಮೊದಲ ಸಲ ಸಣ್ಣ ದನಿಯಲ್ಲಿ ಮಾತಾಡಿದರು.

"ನಾನೇ ಬಿಚ್ಚಿದ್ದು. ಎಡಗಡೆ ಫ್ಯಾನಿನ ವೈರು ಕಳಚಿರುತ್ತೆ. ಒತ್ತಿ ಕೂರಿಸಿ ಟೇಪ್ ಹಾಕಿ. ಟೇಪ್ ನಾನು ಕಿತ್ತು ಬಿಸಾಕಿದೆ."

ಅತ್ತ ಸ್ಕ್ರೂಗಳು ಮೇಜಿನ ಮೇಲೆ ಉದುರಿದ ಸದ್ದು. ಆಮೇಲೆ ಮನೋಜ್ ಇಂಗ್ಲಿಷಿನಲ್ಲಿ ಕೇಳಿದ, "ಸರ್, ಬಲಗಡೆ ಫ್ಯಾನಲ್ಲಿ ಏನಿದು ಕೆಂಪಗೆ?"

"ಕುಂಕುಮ," ಎಂದರು ವಿಶ್ವೇಶ್ವರರು. ಕೇಳಿದ್ದಕ್ಕಿಂತ ಹೆಚ್ಚು ಹೇಳಿ ರೂಢಿಯಾಗಿದ್ದ ಬಾಯಿ, "ಪೂಜೆ ಮಾಡುವಾಗ ಫ್ಯಾನು ಓಡ್ತಿತ್ತು," ಎಂದೂ ಸೇರಿಸಿತು.

ಗೋದಾಮಿನಲ್ಲಿ ನಗೆ ಎದ್ದಿತು. ಒಬ್ಬರದಲ್ಲ, ನಾಲ್ಕಾರು ಜನರದು. ಅದು ಅಡಗುವ ಮೊದಲೇ ಮಹತಿಯ ಮಾತು ಬಂತು. ಈ ಸಲ ಇಂಗ್ಲಿಷಲ್ಲ, ಕನ್ನಡವೂ ಅಲ್ಲ.

"ವಿಟ್ಟೇಕ್ಕು ಸರ್. ಅಚ್ಛನ್ ಅಂಙನೆಯಾ."

ಬಿಟ್ಹಾಕಿ ಸರ್, ಅಪ್ಪ ಹಾಗೇನೇ. ಕೋಪವಿರಲಿಲ್ಲ, ಅಳುವಿರಲಿಲ್ಲ. ಮೆಕ್ಯಾನಿಕ್ಕಿನ ಬಗ್ಗೆ, ನೆರೆಮನೆಯವರ ಬಗ್ಗೆ, ದಪ್ಪಕ್ಕಿಯ ಬಗ್ಗೆ ವಿಶ್ವೇಶ್ವರರು ಆಡುತ್ತಿದ್ದರಲ್ಲ, ಅದೇ ದನಿ. ಕೊನೆಯಲ್ಲಿ ಮೂಗಿನಿಂದ ಹೊರಡಿಸುವ ಉಸಿರೂ ಅದೇ. ತಮ್ಮ ದನಿ ಕೇಳಿಸಿಕೊಳ್ಳುವವರಿಗೆ ಎಲ್ಲಿ ಚುಚ್ಚುತ್ತದೆಂದು ಅವರಿಗೆ ಈವರೆಗೆ ಗೊತ್ತಿರಲಿಲ್ಲ.

ಫ್ಯಾನುಗಳೆರಡೂ ಸುಯ್ಯನೆ ತಿರುಗಿದ್ದು ಫೋನಿನಲ್ಲೇ ಕೇಳಿಸಿತು. ಯಾರೋ, "ಹೂಂ, ಶುರು ಮಾಡು," ಎಂದರು. "ಇಡ್ತೀನಿ," ಎಂದಳು ಮಹತಿ. ಅಪ್ಪ ಎಂದು ಸೇರಿಸಲಿಲ್ಲ.

ಪ್ರೇಮ ಮೊಸರಿನ ಪಾತ್ರೆಯೊಂದಿಗೆ ಬಂದಳು. "ಮಹತಿನಾ? ಸರಿಹೋಯ್ತಂತಾ?"

"ಸರಿಹೋಯ್ತು." ವಿಶ್ವೇಶ್ವರರು ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತರು. ಹೇಳದಿದ್ದರೆ ಉಸಿರು ಕಟ್ಟೀತು ಅನಿಸಿ ಹೇಳಿದರು, "ಅವಳು ಥೇಟ್ ನನ್ನ ಹಾಗೇ ಆಗ್ತಿದಾಳೆ ಕಣೇ."

ಪ್ರೇಮಳ ಕೈಯಲ್ಲಿದ್ದ ಸೌಟು ಅರ್ಧಕ್ಕೆ ನಿಂತಿತು.

"ಯಾಕ್ರೀ ಮಗೂಗೆ ಹಾಗೆಲ್ಲ ಅಂತೀರಿ?" ಎಂದಳು. "ಅಷ್ಟೇನು ತಪ್ಪು ಮಾಡಿದಾಳೆ ಪಾಪ?"