ಬಾಮೈದನ ಎರಡು ಸಾಲು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ನ್ಯಾಯ ಬೇಡವೇ? ಪಕ್ಕದವನಿಗೆ ಸಂಬಳ ಜಾಸ್ತಿಯಾದರೆ, ನೆಂಟ ಮನೆ ಕಟ್ಟಿಸಿದರೆ ಹೊಟ್ಟೆ ಉರಿಯುವುದು ಲೋಕದಲ್ಲಿ ಇದ್ದದ್ದೇ. ಆದರೆ ಯಜಮಾನರು ಅವನಿಗೆ ಬೈದರು, ನನಗೆ ಬೈಯಲಿಲ್ಲ ಎಂದು ಉರಿದುಬಿದ್ದ ಪುಣ್ಯಾತ್ಮನನ್ನು ನೀವೆಲ್ಲಾದರೂ ಕಂಡಿದ್ದೀರಾ? ಕನ್ನಡಕದ ಅಂಗಡಿಯ ಗಾಜಣ್ಣ ಅಂಥ ಆಸಾಮಿ.

ಗಾಜಣ್ಣ ಎಂಬುದು ಅಂಗಡಿಯವರು ಇಟ್ಟ ಹೆಸರು. ಹಿಂದಿನ ಕೋಣೆಯಲ್ಲಿ ನೀರು ಜಿನುಗುವ ಚಕ್ರದ ಮುಂದೆ ಕೂತು, ಗಾಜಿನ ಅಂಚನ್ನು ಉಜ್ಜಿ ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ಅದು ಬರುತ್ತಿದ್ದದ್ದು ಅಂಗಡಿಯಲ್ಲಿ ಅವನೊಬ್ಬನಿಗೇ. ಮುಂದಿನ ಕೌಂಟರಿನಲ್ಲಿ ನಿಂತು, ಗಿರಾಕಿಗಳ ಮೂಗಿನ ಮೇಲೆ ಫ್ರೇಮಿಟ್ಟು, "ನಿಮ್ಮ ಮುಖಕ್ಕೆ ಹೇಳಿ ಮಾಡಿಸಿದ ಹಾಗಿದೆ ಮೇಡಂ" ಎನ್ನುವವನು ಅವನ ಹೆಂಡತಿಯ ತಮ್ಮ. ಅವನಿಗೆ ಆ ಕೆಲಸ ಕೊಡಿಸಿದವನು ಗಾಜಣ್ಣನೇ. ಅದನ್ನು ಮನೆಯಲ್ಲಿ ಆಗಾಗ ನೆನಪಿಸಲು ಮರೆಯುತ್ತಿರಲಿಲ್ಲ.

ಗಾಜಣ್ಣನಿಗೆ ರಾಜಕೀಯದ ಹುಚ್ಚು. ಬೆಳಿಗ್ಗೆ ಕಾಫಿ ಆರಿ ತಣ್ಣಗಾದರೂ ಫೋನಿನಲ್ಲಿ ಗೀಚುತ್ತ ಕೂತಿರುವನು. ಪುರಸಭೆ, ಬಜೆಟ್ಟು, ಚರಂಡಿ, ಎಲ್ಲದರ ಮೇಲೂ ಮಾರುದ್ದದ ಬರಹ. ಅದಕ್ಕೆ ತಪ್ಪದೆ ಉತ್ತರ ಕೊಡುತ್ತಿದ್ದವರು ನಿವೃತ್ತ ಚಿಕ್ಕಪ್ಪ ಒಬ್ಬರೇ. ಅವರೂ ಬರೀ ಹೂವಿನ ಚಿತ್ರ ಕಳಿಸುತ್ತಿದ್ದರು.

ಚುನಾವಣೆ ಹತ್ತಿರ ಬಂದಿತ್ತು. ಪುರಸಭೆಯವರು ತಮ್ಮ ಆಸ್ಪತ್ರೆಯ ಕಣ್ಣಿನ ವಿಭಾಗವನ್ನು ಆ ವರ್ಷವೇ ಮುಚ್ಚಿಸಿದ್ದರು. ಬಾಮೈದ ಒಂದು ದಿನ ಬಸ್ಸಿಗೆ ಕಾಯುತ್ತ ಬೇಸರಕ್ಕೆ ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ ಎರಡು ಸಾಲು ಬರೆದು ಹಾಕಿದ: "ಕಣ್ಣಿನ ಆಸ್ಪತ್ರೆಗೆ ಬೀಗ ಹಾಕಿದವರಿಗೇ ಮತ್ತೆ ಓಟು ಹಾಕ್ತೀರಾ? ಹಾಗಾದ್ರೆ ಮೊದಲು ಹೋಗಿ ಕಣ್ಣು ಪರೀಕ್ಷೆ ಮಾಡಿಸ್ಕೊಳ್ಳಿ." ಅಷ್ಟೇ. ಸಂಜೆಯೊಳಗೆ ಅದು ಊರಿನವರ ಕೈಯಿಂದ ಕೈಗೆ ಹೋಗಿ, ಯಾರ ಫೋನಿನಲ್ಲಿ ನೋಡಿದರೂ ಅದೇ.

ಯಜಮಾನರು ಹೌಹಾರಿದರು. ಪುರಸಭೆಯ ನೌಕರರಿಗೆಲ್ಲ ಕನ್ನಡಕ ಒದಗಿಸುತ್ತಿದ್ದದ್ದು ಅವರೇ ತಾನೇ! ಮರುದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರು.

"ನೋಡ್ರಪ್ಪಾ, ಫೋನು ನಿಮ್ದೇ, ನಾನು ಇಲ್ಲ ಅನ್ನಲ್ಲ. ಆದ್ರೆ ಎಲೆಕ್ಷನ್ ಮುಗಿಯೋವರೆಗೂ ಅದ್ರಲ್ಲಿ ರಾಜಕೀಯ ಬರೆದೋರು ಇಲ್ಲಿಗೆ ಬರೋದು ಬೇಡ." ಆಮೇಲೆ ಬಾಮೈದನ ಕಡೆ ತಿರುಗಿದರು. "ನೀನು ಶನಿವಾರ ಸಂಜೆಯೊಳಗೆ ಅದನ್ನ ತೆಗೀಬೇಕು. ಇಲ್ಲಾಂದ್ರೆ ಲೆಕ್ಕ ಚುಕ್ತಾ ಮಾಡ್ಕೊಂಡು ಹೋಗು. ನಿನ್ನ ಮಾತು ಜನಕ್ಕೆ ನಾಟುತ್ತೆ ಕಣೋ, ಅದೇ ನನಗೆ ಭಯ."

ಜನಕ್ಕೆ ನಾಟುತ್ತದಂತೆ! ಗಾಜಣ್ಣನ ಹೊಟ್ಟೆಗೆ ಬೆಂಕಿ ಬಿತ್ತು. ಅದೇ ಕಣ್ಣಿನ ವಿಭಾಗದ ಮೇಲೆ ಅವನು ಎಷ್ಟು ಬರೆದಿರಲಿಲ್ಲ! ಯಜಮಾನರು ಅವನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಎಲ್ಲರೂ ಚದುರಿದ ಮೇಲೆ ಅವನೇ ಹೋಗಿ ಎದುರು ನಿಂತ.

"ಸಾರ್, ನಾನೂ ಬರೀತಿರ್ತೀನಿ. ಖಾರವಾಗೇ ಬರೀತೀನಿ."

"ನೀವಾ?" ಯಜಮಾನರು ನಕ್ಕರು. "ಇರ್ಲಿ ಬಿಡಿ ಗಾಜಣ್ಣ. ನಿಮ್ಮಿಂದ ಏನೂ ತೊಂದ್ರೆ ಇಲ್ಲ."

ಕಪಾಳಕ್ಕೆ ಬಾರಿಸಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಮನೆಗೆ ಬಂದರೆ ಅಲ್ಲೂ ಅದೇ ಪುರಾಣ. "ಎದುರುಮನೆಯವ್ರೂ ಓದಿ ಬಿದ್ದು ಬಿದ್ದು ನಕ್ಕರಂತೆ ರೀ, ನನ್ನ ತಮ್ಮ ಬರೆದಿದ್ದನ್ನ!" ಎಂದು ಹೆಂಡತಿ ಹಿಗ್ಗಿದಳು.

"ಎರಡು ಸಾಲು ಯಾರು ಬೇಕಾದ್ರೂ ಬರೀತಾರೆ ಕಣೇ," ಎಂದು ಗಾಜಣ್ಣ ಮೂಗು ಮುರಿದ.

ಮಾರನೆಯ ದಿನ ಬಾಮೈದ ಹಿಂದಿನ ಕೋಣೆಗೆ ಬಂದ. ಜೊತೆಯಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿಯೂ ಫ್ರೇಮ್ ರಿಪೇರಿಯವನೂ ಇದ್ದರು.

"ಭಾವ, ನಾನದನ್ನ ತೆಗೆಯಲ್ಲ. ನನ್ನ ಫೋನಲ್ಲಿ ನನ್ನ ಮಾತು ಆಡೋಕೂ ಇವರ ಅಪ್ಪಣೆ ಬೇಕಾ? ಶನಿವಾರ ಬೆಳಿಗ್ಗೆ ನಾವೆಲ್ಲ ಅದೇ ಎರಡು ಸಾಲು ಹಾಕೋದು ಅಂತ ಮಾತಾಡ್ಕೊಂಡಿದೀವಿ. ಒಂದಕ್ಷರನೂ ಆಚೀಚೆ ಆಗಬಾರದು. ನೀವೂ ಹಾಕಿ."

"ನಾನ್ಯಾಕೋ?"

"ನಮ್ಮ ಜಾಗಕ್ಕೆ ಬೇರೆಯವರು ಸಿಗ್ತಾರೆ ಭಾವ. ನೀವು ಎದ್ದು ಹೋದ್ರೆ ಮಧ್ಯಾಹ್ನದೊಳಗೆ ಬಾಗಿಲು ಹಾಕ್ಬೇಕಾಗುತ್ತೆ. ನೀವು ಸೇರಿದ್ರೆ ಯಾರನ್ನೂ ಮುಟ್ಟಲ್ಲ. ನನ್ನ ಹೆಂಡ್ತಿ ಹೆರಿಗೆಗೆ ಹೋಗೋ ಹೊತ್ತಲ್ಲಿ ನನ್ನ ಕೆಲಸ ಹೋದ್ರೆ ಹೇಗೆ ಹೇಳಿ?"

ಗಾಜಣ್ಣನ ಮನಸ್ಸು ಕರಗಿತು. ಎಷ್ಟೆಂದರೂ ಕೈಯಾರೆ ಕರೆತಂದ ಹುಡುಗ. "ಹಾಕ್ತೀನಿ ಹೋಗೋ, ಯೋಚನೆ ಮಾಡ್ಬೇಡ," ಎಂದ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ ಅದು.

ಶನಿವಾರ ಬೆಳಿಗ್ಗೆ ಫೋನು ತೆರೆದ. ಉಳಿದವರು ಆಗಲೇ ಹಾಕಿದ್ದರು. ಅವನೂ ಆ ಎರಡು ಸಾಲನ್ನು ಬರೆದುಕೊಂಡ. ಕಳಿಸಲು ಮಾತ್ರ ಬೆರಳು ಮುಂದೆ ಹೋಗಲೊಲ್ಲದು. ಇಷ್ಟು ವರ್ಷ ಬರೆದು ಬರೆದು ಬೆರಳು ಸವೆಸಿದವನು, ನಿನ್ನೆ ಮೊನ್ನೆ ಬಂದ ಈ ಪೋರನ ಮಾತಿಗೆ ನಕಲು ಹೊಡೆಯಬೇಕೇ? ಊರವರು ಏನೆಂದಾರು? ಗಾಜಣ್ಣನೂ ಬಾಮೈದನ ಬಾಲ ಹಿಡಿದ ಎನ್ನುವುದಿಲ್ಲವೇ? ಮೊದಲು ಒಂದೇ ಪದ ತಿದ್ದಿದ. ಆಮೇಲೆ ಶುರುವಿಗೆ ಒಂದು ಪೀಠಿಕೆ ಇದ್ದರೆ ಚೆಂದ ಎನ್ನಿಸಿತು. ಪುರಸಭೆ ಹುಟ್ಟಿದ ಕಾಲದಿಂದ ಹಿಡಿದು ಚರಂಡಿಯ ಟೆಂಡರಿನವರೆಗೆ ಬರೆದ. ಕಣ್ಣಿನ ವಿಭಾಗವನ್ನು ಕೊನೆಯಲ್ಲಿ ಸೇರಿಸಿದ. ಇಷ್ಟು ಚೆನ್ನಾಗಿ ಬಂದ ಮೇಲೆ ಆ ಎರಡು ಸಾಲು ಯಾಕೆ ಎಂದು ಅಳಿಸಿ, ಹಾಕಿಯೇ ಬಿಟ್ಟ. ಇನ್ನು ನೋಡಲಿ, ಯಾರ ಮಾತು ನಾಟುತ್ತದೆ ಅಂತ!

ಅಂಗಡಿಯಲ್ಲಿ ಯಜಮಾನರು ಉಳಿದವರನ್ನೆಲ್ಲ ವಿಚಾರಿಸಿಕೊಂಡು, ಕೊನೆಗೆ ಅವನನ್ನು ಕರೆದರು. ಗಾಜಣ್ಣ ಒದ್ದೆ ಕೈ ಒರೆಸಿಕೊಂಡು, ಎದೆಯುಬ್ಬಿಸಿಕೊಂಡು ಒಳಗೆ ಹೋದ. ಅವರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡರು.

"ಎಲ್ಲಾ ಸೇರಿ ನನ್ನ ಮೇಲೆ ಕತ್ತಿ ಮಸೆದ್ರು. ನೀವೊಬ್ರು ಕೈ ಬಿಡ್ಲಿಲ್ಲ ಗಾಜಣ್ಣ! ಹಿಂದೆ ಚಕ್ರ ತಿರುಗ್ತಿದ್ರೆ ನನಗೆ ಯಾರ ಹೆದರಿಕೆನೂ ಇಲ್ಲ. ಗದರಿಸಿದ ಮೇಲೆ ಆ ಇಬ್ರೂ ತೆಗೆದ್ರು. ನಿಮ್ಮ ಬಾಮೈದ ಒಪ್ಲಿಲ್ಲ, ಕಳಿಸ್ಬಿಟ್ಟೆ."

"ಅಯ್ಯೋ ಸಾರ್, ನಾನೂ ಹಾಕಿದೀನಿ! ನೋಡಿ ಬೇಕಾದ್ರೆ!"

ಯಜಮಾನರು ಅವನ ಫೋನು ತೆಗೆದುಕೊಂಡು ಬೆರಳಾಡಿಸಿದರು, ಇನ್ನೂ ಆಡಿಸಿದರು. "ಪುರಸಭೆ ಚರಿತ್ರೆನಾ? ಚೆನ್ನಾಗಿದೆ, ಚೆನ್ನಾಗಿದೆ. ಉದ್ದ ಇದೆಯಲ್ಲಾ, ಬಿಡುವಾದಾಗ ಓದ್ತೀನಿ."

"ಕಣ್ಣಿನ ವಿಭಾಗದ ವಿಷಯನೂ ಇದೆ ಸಾರ್. ಕೆಳಗಡೆ."

"ಇರ್ಲಿ ಬಿಡಿ, ಇರ್ಲಿ ಬಿಡಿ."

ಬಾಮೈದ ಹೋದರೆ ನಾನೂ ಚಕ್ರ ಮುಟ್ಟುವುದಿಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಮಾತು ನಾಲಗೆಯ ತುದಿಗೆ ಬಂದಿತ್ತು ಕೂಡ. ಆದರೆ ಓದದೆಯೇ ಚೆನ್ನಾಗಿದೆ ಅಂದುಬಿಟ್ಟರಲ್ಲ ಎಂಬ ಸಂಕಟ ಅದಕ್ಕಿಂತ ಮುಂದೆ ಬಂದು ಕೂತಿತು. ಅದನ್ನು ನುಂಗಿಕೊಳ್ಳುವಷ್ಟರಲ್ಲಿ ಗಿರಾಕಿಗಳು ಬಂದರು, ಯಜಮಾನರು ಹೊರಗೆ ಹೋದರು.

ಬಾಮೈದ ಮೆಟ್ಟಿಲ ಮೇಲೆ ಊಟದ ಡಬ್ಬಿ ಹಿಡಿದು ನಿಂತಿದ್ದ. "ನಿಮ್ದು ಈಗ ಬರುತ್ತೆ, ಈಗ ಬರುತ್ತೆ ಅಂತ ನೋಡ್ತಾನೇ ಇದ್ದೆ ಭಾವ."

"ಹಾಕಿದ್ದೆ ಕಣೋ. ನನ್ನದೇ ರೀತೀಲಿ."

ಬಾಮೈದ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಹೋದ.

ಸಂಜೆ ಮನೆಗೆ ಬಂದಾಗ ಹೆಂಡತಿ ಫೋನು ಹಿಡಿದು ಕುರ್ಚಿಯಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ಚಪ್ಪಲಿ ಬಿಡುವ ಮೊದಲೇ ಗಾಜಣ್ಣ ಶುರು ಮಾಡಿದ: "ಆ ಯಜಮಾನ ಪೂರ್ತಿ ಓದ್ಲೇ ಇಲ್ಲ ಕಣೇ! ಓದಿದ್ರೆ ನನ್ನನ್ನೂ ಕಳಿಸ್ತಿದ್ದ, ನಿನ್ನಾಣೆ!"

"ನಾನು ಓದಿದೆ ರೀ," ಎಂದಳು. "ಪೂರ್ತಿ ಓದಿದೆ. ಎರಡು ಸಲ."

ಎಂಥ ಹೊತ್ತಿನಲ್ಲೂ ಮನುಷ್ಯನ ಬುದ್ಧಿ ನೋಡಿ, ಅವನ ಮುಖ ಅರಳಿತು. "ಹೇಗಿದೆ?" ಎಂದು ಕೇಳಿಯೂಬಿಟ್ಟ.

"ಊರಲ್ಲಿರೋರದ್ದೆಲ್ಲ ಇದೆ. ನನ್ನ ತಮ್ಮ ಎಲ್ಲೂ ಇಲ್ಲ," ಎಂದಳು ಹೆಂಡತಿ. "ಮಧ್ಯದಲ್ಲಿ ಎಲ್ಲಾದ್ರೂ ಸಿಗ್ತಾನೇನೋ ಅಂತಲೇ ಎರಡನೇ ಸಲ ಓದಿದ್ದು."