ನೀರಿಗಿಟ್ಟ ಎಡೆ

ಸುಷ್ಮಾ ಬರೆದ ಕವಿತೆ ಎರಡನೇ ಸಲವೂ ವಾಪಸು ಬಂತು. ಸಾಗರದ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ವೇದಾವತಿ ಮೇಡಂ ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದಿದ್ದರು: 'ಇದರಲ್ಲಿ ನೀರಿದೆ, ಊರು ಎಲ್ಲಿದೆ?'

ಹೊಸನಗರದಲ್ಲಿ ಬಸ್ಸಿಳಿದು ಮನೆಗೆ ಬಂದವಳೇ ಆ ಹಾಳೆಯನ್ನು ಅಜ್ಜ ವಾಸಪ್ಪನ ಮುಂದೆ ಹಿಡಿದಳು. ವಾಸಪ್ಪ ಜಗಲಿಯ ಮೇಲೆ ಕೂತು ಕತ್ತಿಯ ಹಿಡಿ ಗಟ್ಟಿ ಮಾಡುತ್ತಿದ್ದ. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅವನು ಅಕ್ಷರ ಕೂಡಿಸುವಷ್ಟರಲ್ಲಿ ಸಂಜೆಯಾಗುತ್ತದೆಂದು ಅವಳೇ ಓದಿ ಹೇಳಿದಳು.

"ಮುಳುಗಿದ ಊರೇ, ನಿನ್ನ ಕಣ್ಣೀರಿಗೆ ಶರಾವತಿ ಎಂದು ಹೆಸರಿಟ್ಟವರು ಯಾರು..."

"ಊರು ಮುಳುಗೋಕ್ ಮುಂಚೆನೂ ಹೊಳೆಗೆ ಅದೇ ಹೆಸ್ರಿತ್ತು," ಎಂದ ವಾಸಪ್ಪ.

"ಕವಿತೆ ಅಜ್ಜ ಇದು. ಹಂಗೆಲ್ಲ ಕೇಳ್ಬಾರ್ದು."

"ಸರಿ, ಕೇಳಲ್ಲ."

ವಿಷಯ ಇಷ್ಟು. ತೀರ್ಥಹಳ್ಳಿಯಲ್ಲಿ ಹತ್ತು ದಿನದ ಕವಿತಾ ಶಿಬಿರ. ನೆಲದ ಮೇಲೆ, ಊರಿನ ಮೇಲೆ ಬರೆಯುವುದನ್ನು ಕಲಿಸುತ್ತಾರಂತೆ. ಕಾಲೇಜಿನಿಂದ ಐದು ಜನರಿಗೆ ಮಾತ್ರ ಅವಕಾಶ. ಬರುವ ಬುಧವಾರ ಎಲ್ಲರೂ ತಮ್ಮ ಕವಿತೆ ಓದಬೇಕು, ಅಲ್ಲೇ ಆಯ್ಕೆ. ಸುಷ್ಮಾಳಿಗೆ ಒಂದು ತಿಂಗಳಿಂದ ಅದೇ ಧ್ಯಾನ. ಆ ಮನೆಯಲ್ಲಿ ಪರೀಕ್ಷೆಗಲ್ಲದೆ ಬೇರೆ ಏನಾದರೂ ಬರೆಯಲು ಪೆನ್ನು ಹಿಡಿದವಳೇ ಅವಳೊಬ್ಬಳು.

"ಮೇಡಂ ಏನಂತಾರೆ ಗೊತ್ತಾ? ಮೊದ್ಲು ಆ ಜಾಗದಲ್ಲಿ ನಡೀಬೇಕಂತೆ. ಕಾಲಿಗೆ ಗೊತ್ತಾದ್ಮೇಲೇ ಕೈಗೆ ಗೊತ್ತಾಗೋದಂತೆ. ನೀರಿಳಿದೈತೆ ಈಗ. ನಿಮ್ಮೂರಿಗೆ ಕರ್ಕಂಡು ಹೋಗು ಅಜ್ಜ."

ವಾಸಪ್ಪ ಕತ್ತಿ ಕೆಳಗಿಟ್ಟ. ಶರಾವತಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗಿದಾಗ ಅವನಿಗೆ ಎಂಟು ವರ್ಷ. ಬೇಸಿಗೆಯ ಕೊನೆಗೆ ನೀರಿಳಿದಾಗಲೆಲ್ಲ ಹಳೇ ಊರಿನವರು ಹೋಗಿ ನೋಡಿ ಬರುತ್ತಿದ್ದರು. ಕೆಲವರು ಬಂದ ಮೇಲೆ ಎರಡು ದಿನ ಊಟ ಬಿಡುತ್ತಿದ್ದರು. ಒಂದು ಗಂಟೆಯ ದಾರಿಯಾದರೂ ವಾಸಪ್ಪ ಒಮ್ಮೆಯೂ ಹೋಗಲಿಲ್ಲ. ಹೋದರೆ ಒಳಗಿನದು ಏನೋ ಒಡೆದು ಹೋದೀತೆಂಬ ಭಯ. ಯಾವ ಮನೆಯ ಎಮ್ಮೆ ಯಾವ ವರ್ಷ ಈದಿತೆಂದು ಕೇಳಿದರೂ ಹೇಳಬಲ್ಲವನಿಗೆ ಇದೊಂದು ವಿಷಯದಲ್ಲಿ ಜನ ಒತ್ತಾಯ ಮಾಡುತ್ತಿರಲಿಲ್ಲ. ಆದರೆ ಮೊಮ್ಮಗಳ ಮುಖ ನೋಡಿ ಇಲ್ಲ ಎನ್ನಲಾಗಲಿಲ್ಲ.

ಮರುದಿನ ಪಕ್ಕದ ಮನೆಯ ಬೆಳ್ಳಪ್ಪ ತನ್ನ ಪಿಕಪ್ ಗಾಡಿಯಲ್ಲಿ ಇಬ್ಬರನ್ನೂ ಹತ್ತಿಸಿಕೊಂಡ. ದಾರಿಯುದ್ದಕ್ಕೂ ಅವನದೇ ಮಾತು.

"ವಾಸಣ್ಣ, ಅರವತ್ತು ವರ್ಷ ನಾವು ಕರೆದ್ರೆ ಬರ್ಲಿಲ್ಲ. ಮೊಮ್ಮಗಳು ಪದ್ಯ ಬರೀತೀನಿ ಅಂದ್ಕೂಡ್ಲೆ ಹೊರಟ್ಯಲ್ಲ ಮಾರಾಯ! ನನ್ನ ಗಾಡಿ ಮೇಲೂ ಒಂದು ಬರಿ ತಂಗಿ. ಹಿಂದಿನ್ ಟಯರು ಸವೆದಿದ್ದು ಬರೀಬೇಡ ಮತ್ತೆ."

"ಅದನ್ನೇ ಮೊದ್ಲು ಬರೀತೀನಿ ಬೆಳ್ಳಪ್ಪಣ್ಣ," ಎಂದಳು ಸುಷ್ಮಾ.

ರಸ್ತೆ ಮುಗಿದಲ್ಲಿ ಇಳಿದರು. ಮುಂದೆಲ್ಲ ಬಿರುಕು ಬಿಟ್ಟ ಕೆಸರು. ಅದರಲ್ಲಿ ಕಪ್ಪಗೆ ನಿಂತ ಮರದ ಬೊಡ್ಡೆಗಳು, ಹರಿದ ಮೀನುಬಲೆ, ದೂರದಲ್ಲಿ ಮೇಯುವ ನಾಲ್ಕು ದನ. ವಾಸಪ್ಪ ಕೋಲೂರಿಕೊಂಡು ಇಳಿದ. ಅವನ ಕಾಲಿಗೆ ಎಲ್ಲ ಗೊತ್ತಿತ್ತು. ಇದು ಬಾವಿಯ ಕಟ್ಟೆ, ಇದು ಬಾಗಿಲಗದ್ದೆ, ಇದು ಹಲಸಿನಮಕ್ಕಿ, ಇಲ್ಲಿ ಮೂರು ಮೆಟ್ಟಿಲಿತ್ತು, ಇಲ್ಲಿ ಬೇಲಿ ದಾಟುವ ದಣಪೆ. ಹೇಳುತ್ತಾ ಹೋದ, ಅವಳು ಬರೆದುಕೊಳ್ಳುತ್ತಾ ಹೋದಳು. ತಮ್ಮದೇ ಆಗಿದ್ದ ಹೊಂಡದಗದ್ದೆಗೆ ಬಂದು ನಿಂತ. ಈಗ ಒಡೆಯುತ್ತದೆ ಎಂದು ಎದೆಯ ಮೇಲೆ ಕೈಯಿಟ್ಟುಕೊಂಡ.

ಏನೂ ಆಗಲಿಲ್ಲ. ಯಾರದೋ ಊರಿಗೆ ಹೆಣ್ಣು ನೋಡಲು ಹೋದವರ ಜೊತೆ ಹೋಗಿ ಕೂತ ಹಾಗಿತ್ತು. ಬಿಸಿಲು ಮಾತ್ರ ಚುರುಕಾಗಿತ್ತು.

"ಇಲ್ಲಿ ಎಂತ ಅಜ್ಜ?" ಎಂದಳು ಸುಷ್ಮಾ.

ಆಗ ಅವನು ಯಾರಿಗೂ ಹೇಳದಿದ್ದುದನ್ನು ಹೇಳಿದ. ಗುಟ್ಟೇನಲ್ಲ, ಯಾರೂ ಕೇಳಿರಲಿಲ್ಲ, ಅಷ್ಟೆ.

ಆ ವರ್ಷ ನೀರು ಬರುತ್ತದೆಂದು ಸರ್ಕಾರದವರು ಹೇಳಿ, ಮನೆ ಬಿಚ್ಚಿಸಿ ಆಗಿತ್ತು. ಹಂಚು, ಬಾಗಿಲು, ತೊಲೆ ಹೊತ್ತುಕೊಂಡು ಹೋಗಿ ಗುಡ್ಡದ ಮೇಲೆ ಗುಡಿಸಲು ಹಾಕಿದ್ದರು. ಆದರೂ ವಾಸಪ್ಪನ ಅಪ್ಪ ದುಗ್ಗಪ್ಪ ಹೊಂಡದಗದ್ದೆಯಲ್ಲಿ ಸಸಿ ನೆಟ್ಟ. ಗೇಯುವ ಗದ್ದೆಯನ್ನು ಬರಿದಾಗಿ ಬಿಡಬಾರದು ಎಂಬುದು ಅವನ ಹಟ. ನಮ್ಮ ಗದ್ದೆಯ ಎತ್ತರ ಆಫೀಸಿನವರಿಗೇನು ಗೊತ್ತು ಎಂಬುದು ಅವನ ಲೆಕ್ಕ. ಭತ್ತ ಇನ್ನೇನು ತೆನೆ ಬಿಡಬೇಕು ಎನ್ನುವಂತೆ ಹೊಡೆ ತುಂಬಿ ನಿಂತಿತು. ಭೂಮಿ ಹುಣ್ಣಿಮೆ ಬಂತು. ಹೊಡೆ ತುಂಬಿದ ಗದ್ದೆಯೆಂದರೆ ಬಸುರಿ ಹೆಂಗಸು. ಆ ದಿನ ಅವಳಿಗೆ ಬಯಕೆ ಊಟ ಹಾಕಬೇಕು. ಹೆಂಗಸರು ಕೆಮ್ಮಣ್ಣು ಸಾರಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಕಡುಬು, ಬೆರಕೆ ಸೊಪ್ಪಿನ ಪಲ್ಯ ತುಂಬಿಕೊಡುತ್ತಾರೆ. ಗಂಡಸರು ಹೊತ್ತು ಹುಟ್ಟುವ ಮೊದಲೇ ಹೋಗಿ ಗದ್ದೆಯಲ್ಲಿ ಎಡೆ ಹೂಳುತ್ತಾರೆ.

ಅಪ್ಪ ಮಗ ಬುಟ್ಟಿ ಹೊತ್ತು ಇಳಿದರೆ, ಗದ್ದೆಯಲ್ಲಿ ಮೊಣಕಾಲುದ್ದ ಹಿನ್ನೀರು. ಪೈರು ಅರ್ಧದಷ್ಟೇ ಮೇಲಿತ್ತು. ದುಗ್ಗಪ್ಪ ಸುಮ್ಮನೆ ನೀರಿಗಿಳಿದ. ಬಾಳೆಲೆಯಲ್ಲಿ ಕಟ್ಟಿದ ಎಡೆಯನ್ನು ಬಗ್ಗಿ ಕೆಸರಿಗೆ ಒತ್ತಿದ. ಅದು ಮೇಲೆ ತೇಲಿತು. ಮತ್ತೆ ಒತ್ತಿದ. ಮತ್ತೆ ತೇಲಿತು. ಮೂರನೇ ಸಲ ಬದುವಿನಿಂದ ಒಂದು ಕಲ್ಲು ಕಿತ್ತು ತಂದು ಅದರ ಮೇಲಿಟ್ಟ.

"ಆಮೇಲೆ?"

"ಆಮೇಲೆಂತ? ನೀರು ತಿಳಿ ಆಗೋ ತನಕ ನಿಂತ. ಹೊತ್ತಾತು ನಡಿ ಅಂದ. ಮನೆಗೆ ಹೋಗಿ ಉಂಡ್ವಿ."

"ಮುತ್ತಜ್ಜ ಅಳ್ಲಿಲ್ವಾ?"

"ಇಲ್ಲ."

"ನೀನು?"

"ಕಡುಬು ನಾಕು ತಿಂದೆ."

ಸುಷ್ಮಾ ಬಹಳ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಳು. ಬೆಳ್ಳಪ್ಪ ಮೇಲಿನಿಂದ ಹಾರ್ನ್ ಹೊಡೆದ ಮೇಲೇ ಎದ್ದದ್ದು.

ಸೋಮವಾರ ಹೊಸ ಕವಿತೆ ತೆಗೆದುಕೊಂಡು ಹೋದಳು, ಸಂಜೆ ಕುಣಿಯುತ್ತಾ ಬಂದಳು. ಮೇಡಂಗೆ ಬಹಳ ಹಿಡಿಸಿತಂತೆ. ಗದ್ದೆಯ ಹೆಸರು, ದಣಪೆ, ಕಲ್ಲು ಎಲ್ಲ ಚೆನ್ನಾಗಿದೆ ಅಂದರಂತೆ. ಕೊನೆ ಮಾತ್ರ ತಣ್ಣಗಾಯಿತು, ಕೇಳುವವರಿಗೆ ಏನೂ ಅನ್ನಿಸುವುದಿಲ್ಲ ಅಂತ ತಾವೇ ಎರಡು ಸಾಲು ಸೇರಿಸಿ ಕೊಟ್ಟಿದ್ದರು. ಅದನ್ನು ಓದಿದರೆ ಆಯ್ಕೆ ಖಂಡಿತ.

ಓದಿ ತೋರಿಸಿದಳು. ಕೊನೆಯಲ್ಲಿ ದುಗ್ಗಪ್ಪ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅವನ ಕಣ್ಣೀರಿನಿಂದ ನೀರು ಒಂದು ಗೇಣು ಏರಿತ್ತು.

ವಾಸಪ್ಪ ಎಲೆಗೆ ಸುಣ್ಣ ಸವರುತ್ತಿದ್ದವನು ಹಾಗೇ ಹಿಡಿದುಕೊಂಡ.

"ಅಪ್ಪಯ್ಯ ಅಳ್ಲಿಲ್ಲ ಮಗಾ."

"ಗೊತ್ತು ಅಜ್ಜ. ಆದ್ರೆ ಕವಿತೇಲಿ..."

"ಅವನು ಅತ್ತಿದ್ನ ನಾ ಒಂದಿನಾನೂ ನೋಡ್ಲಿಲ್ಲ. ಕಲ್ಲಿಟ್ಟಿದ್ದು ನೋಡೀನಿ. ಅದನ್ನ ನೋಡಿದೋರಲ್ಲಿ ಉಳ್ದಿರೋನು ನಾನೊಬ್ನೇ."

"ಶಿಬಿರಕ್ಕೆ ಹೋಗ್ಬೇಕಲ್ಲಜ್ಜ ನಾನು," ಎಂದಳು ಸುಷ್ಮಾ.

"ಹೋಗು. ನಾ ಬೇಡ ಅಂದ್ನಾ?"

ಅಷ್ಟು ಹೇಳಿ ಎಲೆ ಬಾಯಿಗಿಟ್ಟುಕೊಂಡ. ಮತ್ತೆ ಆ ಮಾತೆತ್ತಲಿಲ್ಲ. ಅವಳ ಅಜ್ಜಿ ಮಾಸ್ತಮ್ಮ ಒಳಗಿನಿಂದ, "ಹೆಣ್ ಹುಡ್ಗಿಯ ಆಸೆಗೆ ಕಲ್ಲು ಹಾಕಬ್ಯಾಡ. ಅತ್ರೇನು, ಸತ್ತೋರ ಕಣ್ಣೇನು ಸವೆದೋಗತ್ತಾ?" ಎಂದು ಬೈದಳು.

ಬುಧವಾರ ಅವಳೇ ಅವನನ್ನು ಸಾಗರಕ್ಕೆ ಕರೆದುಕೊಂಡು ಹೋದಳು. ಕಾಲೇಜಿನ ಹಾಲಿನಲ್ಲಿ ಫ್ಯಾನಿನ ಕೆಳಗೆ ಕುರ್ಚಿ ಹಾಕಿ ಕೂರಿಸಿದಳು. ಹುಡುಗರು, ಹುಡುಗಿಯರು ಒಬ್ಬೊಬ್ಬರಾಗಿ ಎದ್ದು ಓದಿದರು. ಕೋಣಂದೂರಿನ ಒಬ್ಬ ಹುಡುಗಿ ಅಡವಿಯ ಮೇಲೆ ಓದುತ್ತಾ ತಾನೇ ಅತ್ತುಬಿಟ್ಟಳು; ಕೈಚಪ್ಪಾಳೆ ನಿಲ್ಲಲೇ ಇಲ್ಲ. ಆಮೇಲೆ ಸುಷ್ಮಾಳ ಸರದಿ. ಅವಳ ಕೈಯಲ್ಲಿ ಎರಡು ಹಾಳೆಯಿದ್ದವು. ಒಂದನ್ನು ಮಡಚಿ ಹಿಂದೆ ಸರಿಸಿದಳು. ಕೊನೆಗೆ ಬರುವ ಹೊತ್ತಿಗೆ ದನಿ ಸಣ್ಣದಾಯಿತು.

"ಮೂರನೇ ಸಲ
ಮುತ್ತಜ್ಜ ಅದರ ಮೇಲೆ ಕಲ್ಲಿಟ್ಟ.
ನೀರು ತಿಳಿಯಾಗುವವರೆಗೆ ನಿಂತ.
ಹೊತ್ತಾಯಿತು ಎಂದ.
ಮನೆಗೆ ಹೋಗಿ ಉಂಡರು."

ಇನ್ನೂ ಇದೆಯೇನೋ ಎಂದು ಎಲ್ಲರೂ ಕಾದರು. ಅವಳು ಕೂತ ಮೇಲೆ ಅಲ್ಲೊಂದು ಇಲ್ಲೊಂದು ಚಪ್ಪಾಳೆ ಬಿತ್ತು. ಮೇಡಂ ಕನ್ನಡಕ ತೆಗೆದು ಒರೆಸಿದರು. ಎಲ್ಲರದೂ ಮುಗಿದ ಮೇಲೆ ಐದು ಹೆಸರು ಕೂಗಿದರು. ಅದರಲ್ಲಿ ಸುಷ್ಮಾ ಇರಲಿಲ್ಲ.

ವಾಸಪ್ಪನಿಗೆ ಅವಳ ತಲೆ ಸವರಬೇಕು ಅನ್ನಿಸಿತು. ಖುಷಿಗೋ, ಮರುಕಕ್ಕೋ? ಒಳಗೆ ಹುಡುಕಿದ, ಎರಡೂ ಸಿಗಲಿಲ್ಲ. ಆದರೂ ಸವರಿದ.

ಬಸ್ಸಿನಲ್ಲಿ ಆನಂದಪುರ ದಾಟುವ ತನಕ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಇದ್ದಳು.

"ನಂಗೇನೂ ಬೇಜಾರಿಲ್ಲ ಅಜ್ಜ," ಎಂದಳು ಕೊನೆಗೆ, ಮೂಗು ಒರೆಸಿಕೊಂಡು.

"ಹೂಂ."

"ನಿಂಗೆ?"

ವಾಸಪ್ಪ ಯೋಚಿಸಿದ. ಸುಳ್ಳು ಹೇಳಬಹುದಿತ್ತು. ಆದರೆ ಈ ಹುಡುಗಿ ಇವತ್ತು ಅಷ್ಟು ಜನರೆದುರು ನಿಂತು ಸುಳ್ಳು ಹೇಳದೆ ಬಂದಿದ್ದಳು.

"ನಂಗೆ ಏನೂ ಅನ್ನಿಸ್ತಿಲ್ಲ ಮಗಾ. ಮೊನ್ನೆ ಗದ್ದೇಲಿ ನಿಂತಾಗ್ಲೂ ಅನ್ನಿಸ್ಲಿಲ್ಲ."

ಸುಷ್ಮಾ ಅವನ ಮುಖ ನೋಡಿದಳು. ಹಾಗಾದರೆ ಹಾಗೆ ಎನ್ನುವಂತೆ ತಲೆಯಾಡಿಸಿ, ಅವನ ಭುಜಕ್ಕೆ ಒರಗಿದಳು. ಸ್ವಲ್ಪ ಹೊತ್ತಿಗೆ ನಿದ್ದೆ ಹೋದಳು. ಅವಳ ತಲೆ ಅಲುಗದಂತೆ ವಾಸಪ್ಪ ಹೊಸನಗರದವರೆಗೂ ಭುಜ ಬಿಗಿ ಹಿಡಿದು ಕೂತ. ಇಳಿಯುವಾಗ ಆ ಕೈ ಪೂರ್ತಿ ಜೋಮು ಹಿಡಿದಿತ್ತು.